ಒಂದೇ ನೀರು, ಹಲವು ಅಂಕಿಗಳು: ವಿಶಿಷ್ಟೋಷ್ಣದ ಮಾನಪರಿವರ್ತನೆ

ನೀರಿನ ವಿಶಿಷ್ಟೋಷ್ಣ ಎಷ್ಟು ಎಂಬ ಪ್ರಶ್ನೆಗೆ ಹಳೆಯ ಭೌತವಿಜ್ಞಾನದ ಪುಸ್ತಕ ‘1’ ಎಂದು ಉತ್ತರಿಸುತ್ತದೆ. ಇಂದಿನ ಪಠ್ಯಪುಸ್ತಕ ‘4186’ ಎನ್ನುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ಅದನ್ನೇ ‘4200’ ಎಂದು ಬರೆಯುವುದೂ ಉಂಟು. ರಸಾಯನವಿಜ್ಞಾನದ ಕೋಷ್ಟಕದಲ್ಲಿ 75ರ ಆಸುಪಾಸಿನ ಅಂಕಿ ಕಾಣುತ್ತದೆ. ಬ್ರಿಟಿಷ್ ಮಾನಗಳನ್ನು ಬಳಸುವ ಎಂಜಿನಿಯರಿಂಗ್ ಕೈಪಿಡಿಯನ್ನು ತೆರೆದರೆ ಮತ್ತೆ ‘1’ ಎದುರಾಗುತ್ತದೆ. ನೀರು ಮಾತ್ರ ಎಲ್ಲ ಕಡೆಯೂ ಅದೇ ನೀರು. ಬದಲಾಗಿರುವುದು ಅದನ್ನು ಅಳೆದ ಮಾನ. ಮಾನ ಬದಲಾದುದರಿಂದ ಅಂಕಿಯೂ ಬದಲಾಗಿದೆ.

ಇದು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಪುಟ ಮಗುಚಬೇಕಾಗಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದಂದಿನಿಂದ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದವರೆಗೆ, ಅಲ್ಲಿಂದ ಇಂದಿನವರೆಗೆ, ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ಒಂದು ಪರಂಪರೆಯೇ ಇದೆ. ಆ ಬರಹಗಳನ್ನು ಓದುವವರೂ, ಇಂಗ್ಲಿಷಿನಿಂದಲೋ ನೆರೆಯ ಭಾಷೆಗಳಿಂದಲೋ ಅಂಥ ಬರಹವನ್ನು ಕನ್ನಡಕ್ಕೆ ತರುವವರೂ ಒಂದಲ್ಲ ಒಂದು ದಿನ ಈ ಅಂಕಿಗಳ ಮುಂದೆ ನಿಲ್ಲಬೇಕಾಗುತ್ತದೆ. ಮಾನದ ಹೆಸರನ್ನು ಬದಲಿಸಿ ಅಂಕಿಯನ್ನು ಹಾಗೆಯೇ ಉಳಿಸಿದರೆ, ವ್ಯಾಕರಣದ ದೃಷ್ಟಿಯಿಂದ ನಿರ್ದೋಷವಾದ ವಾಕ್ಯವೊಂದು ಅರ್ಥದ ದೃಷ್ಟಿಯಿಂದ ಸುಳ್ಳಾಗಿಬಿಡುತ್ತದೆ. ಆದುದರಿಂದ ಮಾನಪರಿವರ್ತನೆಯು ಗಣಿತದ ಕೆಲಸವಾಗಿರುವಷ್ಟೇ ಭಾಷಾಂತರದ ಕೆಲಸವೂ ಹೌದು.

ಉಷ್ಣ, ತಾಪ, ವಿಶಿಷ್ಟೋಷ್ಣ

ಮೊದಲು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಆಡುಮಾತಿನಲ್ಲಿ ‘ಬಿಸಿ’ ಎಂಬ ಒಂದೇ ಮಾತು ಎರಡು ಅರ್ಥಗಳನ್ನು ಹೊರುತ್ತದೆ. ಶಾಸ್ತ್ರದಲ್ಲಿ ಉಷ್ಣ ಬೇರೆ, ತಾಪ ಬೇರೆ. ಉಷ್ಣವೆಂಬುದು ಬಿಸಿಯಾದ ವಸ್ತುವಿನಿಂದ ತಣ್ಣಗಿನ ವಸ್ತುವಿಗೆ ಹರಿಯುವ ಶಕ್ತಿ. ತಾಪವೆಂಬುದು ತಾಪಮಾಪಕ ತೋರಿಸುವ ಮಟ್ಟ. ಒಂದು ಲೋಟ ಕುದಿಯುವ ನೀರಿಗೂ ಒಂದು ಹಂಡೆ ಕುದಿಯುವ ನೀರಿಗೂ ತಾಪ ಒಂದೇ. ಆದರೆ ಆ ಮಟ್ಟಕ್ಕೆ ಏರಲು ಹಂಡೆಯ ನೀರಿಗೆ ಬೇಕಾದ ಉಷ್ಣ ಬಹುಪಾಲು ಹೆಚ್ಚು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ಸುಮಾರಿನಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದನು. ಬೇರೆ ಬೇರೆ ಪದಾರ್ಥಗಳನ್ನು ಸಮತೂಕದಲ್ಲಿ ತೆಗೆದುಕೊಂಡು ಅಷ್ಟೇ ತಾಪಕ್ಕೆ ಏರಿಸಲು ಬೇರೆ ಬೇರೆ ಪ್ರಮಾಣದ ಉಷ್ಣ ಬೇಕಾಗುತ್ತದೆ ಎಂಬುದನ್ನೂ ಆತ ಕಂಡುಕೊಂಡನು.

ಈ ಎರಡನೆಯ ಸಂಗತಿಯನ್ನು ಅಂಕಿಯಲ್ಲಿ ಹೇಳುವುದೇ ವಿಶಿಷ್ಟೋಷ್ಣ. ಒಂದು ಪದಾರ್ಥದ ಒಂದು ಮಾನದಷ್ಟು ದ್ರವ್ಯರಾಶಿಯ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಉಷ್ಣದ ಪ್ರಮಾಣವೇ ಆ ಪದಾರ್ಥದ ವಿಶಿಷ್ಟೋಷ್ಣ. ‘ವಿಶಿಷ್ಟ ಉಷ್ಣಧಾರಕತೆ’, ‘ವಿಶಿಷ್ಟ ಉಷ್ಣ ಸಾಮರ್ಥ್ಯ’ ಎಂಬ ಹೆಸರುಗಳೂ ಇದಕ್ಕೆ ಬಳಕೆಯಲ್ಲಿವೆ. ಬರಿಯ ‘ಉಷ್ಣಧಾರಕತೆ’ ಎಂದಾಗ ಇಡೀ ವಸ್ತುವಿನ ಮಾತು. ‘ವಿಶಿಷ್ಟ’ ಎಂಬ ವಿಶೇಷಣ ಸೇರಿದಾಗ ಒಂದು ಮಾನದಷ್ಟು ದ್ರವ್ಯರಾಶಿಯ ಮಾತು. ಹಂಡೆಯ ಉಷ್ಣಧಾರಕತೆ ಹಂಡೆಯ ಗಾತ್ರವನ್ನು ಅವಲಂಬಿಸುತ್ತದೆ. ತಾಮ್ರದ ವಿಶಿಷ್ಟೋಷ್ಣ ಹಂಡೆಯಲ್ಲೂ ಒಂದೇ, ತಂಬಿಗೆಯಲ್ಲೂ ಒಂದೇ.

ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4186 ಜೌಲ್ ಶಕ್ತಿ ಬೇಕು. ಒಂದು ಕಿಲೋಗ್ರಾಂ ತಾಮ್ರಕ್ಕೆ ಸುಮಾರು 385 ಜೌಲ್ ಸಾಕು. ಅಂದರೆ ತಾಮ್ರಕ್ಕೆ ಬೇಕಾಗುವುದರ ಹತ್ತಿರ ಹತ್ತಿರ ಹನ್ನೊಂದರಷ್ಟು ಉಷ್ಣವನ್ನು ನೀರು ಬೇಡುತ್ತದೆ. ಕಾಸರಗೋಡಿನ ಕಡಲತೀರದಲ್ಲಿ ಹಗಲು ನೆಲ ಬೇಗನೆ ಕಾದು, ಕಡಲು ನಿಧಾನವಾಗಿ ಕಾದು, ಮಧ್ಯಾಹ್ನದ ವೇಳೆಗೆ ಕಡಲಿನಿಂದ ನೆಲದತ್ತ ಗಾಳಿ ಬೀಸುವುದಕ್ಕೆ ನೀರಿನ ಈ ಗುಣವೂ ಒಂದು ಮುಖ್ಯ ಕಾರಣ.

ಚತುರ್ಥಿ ವಿಭಕ್ತಿಯ ಭಾಗಾಕಾರ

ವಿಶಿಷ್ಟೋಷ್ಣದ ಮಾನದಲ್ಲಿ ಮೂರು ಅಂಗಗಳಿವೆ: ಶಕ್ತಿ, ದ್ರವ್ಯರಾಶಿ, ತಾಪದ ಏರಿಕೆ. ಶಕ್ತಿಯನ್ನು ದ್ರವ್ಯರಾಶಿಯಿಂದಲೂ ತಾಪದ ಏರಿಕೆಯಿಂದಲೂ ಭಾಗಿಸಿದಾಗ ವಿಶಿಷ್ಟೋಷ್ಣ ಸಿಗುತ್ತದೆ. ಗಣಿತದಲ್ಲಿ ಅಡ್ಡಗೆರೆ ಮಾಡುವ ಈ ಕೆಲಸವನ್ನು ಕನ್ನಡದಲ್ಲಿ ಚತುರ್ಥಿ ವಿಭಕ್ತಿ ಮಾಡುತ್ತದೆ: ‘ಕಿಲೋಗ್ರಾಂಗೆ, ಕೆಲ್ವಿನ್‌ಗೆ 4186 ಜೌಲ್’.

ಈ ವಾಕ್ಯರಚನೆ ಕನ್ನಡಿಗರಿಗೆ ಹೊಸದೇನಲ್ಲ. ‘ಆಳಿಗೆ ದಿನಕ್ಕೆ 600 ರೂಪಾಯಿ ಕೂಲಿ’ ಎನ್ನುವಾಗಲೂ ಇದೇ ರಚನೆ. ದಿನದ ಕೆಲಸ ಎಂಟು ಗಂಟೆಯದಾದರೆ ಅದೇ ಕೂಲಿಯನ್ನು ‘ಆಳಿಗೆ ಗಂಟೆಗೆ 75 ರೂಪಾಯಿ’ ಎಂದು ಹೇಳಬಹುದು. ಅದನ್ನೇ ಪೈಸೆಯಲ್ಲಿ ಹೇಳಿದರೆ ‘ಆಳಿಗೆ ದಿನಕ್ಕೆ 60,000 ಪೈಸೆ’. ಕೂಲಿ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ‘-ಗೆ’, ‘-ಕ್ಕೆ’ ಪ್ರತ್ಯಯ ಹತ್ತಿದ ಮಾನ ಚಿಕ್ಕದಾದಾಗ, ಅಂದರೆ ದಿನ ಹೋಗಿ ಗಂಟೆ ಬಂದಾಗ, ಅಂಕಿ ಚಿಕ್ಕದಾಯಿತು. ಪ್ರತ್ಯಯ ಹತ್ತದ ಮಾನ ಚಿಕ್ಕದಾದಾಗ, ಅಂದರೆ ರೂಪಾಯಿ ಹೋಗಿ ಪೈಸೆ ಬಂದಾಗ, ಅಂಕಿ ದೊಡ್ಡದಾಯಿತು. ವಿಶಿಷ್ಟೋಷ್ಣದ ಪರಿವರ್ತನೆಗೆಲ್ಲ ಈ ಎರಡು ಸೂತ್ರಗಳೇ ಆಧಾರ. ಗುಣಿಸಬೇಕೋ ಭಾಗಿಸಬೇಕೋ ಎಂಬ ಸಂದೇಹ ಬಂದಾಗಲೆಲ್ಲ ಈ ಕೂಲಿಯ ಲೆಕ್ಕವನ್ನು ನೆನೆದರೆ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಪರಿವರ್ತನೆಯ ವಿಧಾನವೂ ಈ ನೆಲಕ್ಕೆ ಹಳೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಲೆಕ್ಕಗಳಿಗೆ ಮೊದಲು ಸಂಜ್ಞಾಧಿಕಾರದಲ್ಲಿ ಉದ್ದ, ಕಾಲ, ಧಾನ್ಯ, ಲೋಹ ಮೊದಲಾದವುಗಳ ಮಾನಗಳನ್ನು ನಿರೂಪಿಸುತ್ತದೆ. ಮೊದಲು ಮಾನ, ಆಮೇಲೆ ಲೆಕ್ಕ ಎಂಬುದು ಅದರ ಕ್ರಮ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನು. ಇಂಥ ಗ್ರಂಥಗಳು ಕಲಿಸುವ ತ್ರೈರಾಶಿಕವೇ ಮಾನಪರಿವರ್ತನೆಯ ತಿರುಳು. 1 ಕ್ಯಾಲೊರಿ ಎಂಬುದು ಪ್ರಮಾಣರಾಶಿ, 4.1868 ಜೌಲ್ ಎಂಬುದು ಫಲರಾಶಿ, ಪರಿವರ್ತಿಸಬೇಕಾದ 0.092 ಕ್ಯಾಲೊರಿ ಎಂಬುದು ಇಚ್ಛಾರಾಶಿ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 0.385 ಜೌಲ್ ಎಂಬ ಉತ್ತರ ದೊರೆಯುತ್ತದೆ.

ಕ್ಯಾಲೊರಿಯಿಂದ ಜೌಲಿಗೆ

ಹಳೆಯ ಪುಸ್ತಕಗಳಲ್ಲಿ ತಾಮ್ರದ ವಿಶಿಷ್ಟೋಷ್ಣ 0.092 ಎಂದಿರುತ್ತದೆ. ಇದರ ಪೂರ್ಣರೂಪ ‘ಗ್ರಾಂಗೆ, ಡಿಗ್ರಿ ಸೆಲ್ಸಿಯಸ್‌ಗೆ 0.092 ಕ್ಯಾಲೊರಿ’. ಇದನ್ನು ಇಂದಿನ ಅಂತರರಾಷ್ಟ್ರೀಯ ಮಾನಕ್ಕೆ ತರಲು ಒಂದೊಂದು ಅಂಗವನ್ನು ಒಂದೊಂದಾಗಿ ಬದಲಿಸಬೇಕು.

ಮೊದಲು ಶಕ್ತಿ. ಕ್ಯಾಲೊರಿಗಿಂತ ಜೌಲ್ ಚಿಕ್ಕದು. 1 ಕ್ಯಾಲೊರಿಯಲ್ಲಿ 4.1868 ಜೌಲ್. ಆದುದರಿಂದ 0.092 × 4.1868 = 0.385. ಈಗ ಅದು ‘ಗ್ರಾಂಗೆ, ಡಿಗ್ರಿ ಸೆಲ್ಸಿಯಸ್‌ಗೆ 0.385 ಜೌಲ್’. ಎರಡನೆಯದು ದ್ರವ್ಯರಾಶಿ. ಗ್ರಾಂಗಿಂತ ಕಿಲೋಗ್ರಾಂ ಸಾವಿರ ಪಟ್ಟು ದೊಡ್ಡದು. ದೊಡ್ಡ ರಾಶಿಗೆ ಬೇಕಾಗುವ ಉಷ್ಣವೂ ಸಾವಿರ ಪಟ್ಟು ಹೆಚ್ಚು. ಆದುದರಿಂದ 0.385 × 1000 = 385. ಮೂರನೆಯದು ತಾಪದ ಏರಿಕೆ. ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಕೆಯೂ ಒಂದು ಕೆಲ್ವಿನ್‌ನಷ್ಟು ಏರಿಕೆಯೂ ಸಮ. ಇಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ಹೀಗೆ ‘ಕಿಲೋಗ್ರಾಂಗೆ, ಕೆಲ್ವಿನ್‌ಗೆ 385 ಜೌಲ್’ ಎಂಬ ರೂಪ ಸಿದ್ಧವಾಗುತ್ತದೆ. ಒಟ್ಟಾಗಿ ಹೇಳುವುದಾದರೆ ಹಳೆಯ ಅಂಕಿಯನ್ನು 4186.8ರಿಂದ ಗುಣಿಸಿದರೆ ಹೊಸ ಅಂಕಿ. ಹೊಸ ಅಂಕಿಯನ್ನು 4186.8ರಿಂದ ಭಾಗಿಸಿದರೆ ಹಳೆಯ ಅಂಕಿ.

ಇದೇ ಕ್ರಮದಲ್ಲಿ ಅಲ್ಯೂಮಿನಿಯಂನ 0.215 ಸುಮಾರು 900 ಆಗುತ್ತದೆ, ಕಬ್ಬಿಣದ 0.107 ಸುಮಾರು 448, ಮಂಜುಗಡ್ಡೆಯ 0.5 ಸುಮಾರು 2100, ಪಾದರಸದ 0.033 ಸುಮಾರು 140.

ಇಲ್ಲಿ ಎರಡು ಸಮಾನತೆಗಳನ್ನು ಗಮನಿಸಬೇಕು. ‘ಗ್ರಾಂಗೆ ಇಷ್ಟು ಕ್ಯಾಲೊರಿ’ ಎಂಬುದೂ ‘ಕಿಲೋಗ್ರಾಂಗೆ ಇಷ್ಟು ಕಿಲೋಕ್ಯಾಲೊರಿ’ ಎಂಬುದೂ ಒಂದೇ ಅಂಕಿಯನ್ನು ಕೊಡುತ್ತವೆ. ಹಾಗೆಯೇ ‘ಗ್ರಾಂಗೆ ಇಷ್ಟು ಜೌಲ್’ ಎಂಬುದೂ ‘ಕಿಲೋಗ್ರಾಂಗೆ ಇಷ್ಟು ಕಿಲೋಜೌಲ್’ ಎಂಬುದೂ ಒಂದೇ. ಗೆರೆಯ ಮೇಲೂ ಕೆಳಗೂ ಸಾವಿರ ಸೇರಿದುದರಿಂದ ಎರಡೂ ಸಾವಿರಗಳು ವಜಾ ಆಗುತ್ತವೆ.

ತಾಪವೂ ತಾಪದ ವ್ಯತ್ಯಾಸವೂ

ಪರಿವರ್ತನೆಯಲ್ಲಿ ಹೆಚ್ಚಿನವರು ಎಡವುವುದು ತಾಪದ ಅಂಗದಲ್ಲಿ. ಸೆಲ್ಸಿಯಸ್ ತಾಪವನ್ನು ಕೆಲ್ವಿನ್‌ಗೆ ತರಲು 273.15 ಕೂಡಿಸಬೇಕು; ಫ್ಯಾರನ್‌ಹೀಟ್‌ಗೆ ತರಲು 1.8ರಿಂದ ಗುಣಿಸಿ 32 ಕೂಡಿಸಬೇಕು. ಈ ನಿಯಮಗಳು ಬಾಯಿಪಾಠವಾಗಿರುವುದರಿಂದ ವಿಶಿಷ್ಟೋಷ್ಣದ ಲೆಕ್ಕದಲ್ಲಿಯೂ 273 ಅಥವಾ 32ನ್ನು ತಂದು ಕೂಡಿಸುವುದುಂಟು. ಅದು ತಪ್ಪು.

ಮೈಲಿಗಲ್ಲುಗಳ ದೃಷ್ಟಾಂತ ಇದನ್ನು ಬಿಡಿಸಿ ಹೇಳುತ್ತದೆ. ಒಂದೇ ರಸ್ತೆಯ ಮೇಲಿನ ಎರಡು ಹಳ್ಳಿಗಳ ದೂರವನ್ನು ಸೊಲ್ಲಾಪುರದಿಂದ ಎಣಿಸಿದ ಕಲ್ಲುಗಳು ಒಂದು ರೀತಿ ತೋರಿಸುತ್ತವೆ. ಅಕ್ಕಲಕೋಟೆಯಿಂದ ಎಣಿಸಿದ ಕಲ್ಲುಗಳು ಇನ್ನೊಂದು ರೀತಿ ತೋರಿಸುತ್ತವೆ. ಕಲ್ಲಿನ ಮೇಲಿನ ಅಂಕಿ ಎಲ್ಲಿಂದ ಎಣಿಸಲಾಯಿತು ಎಂಬುದನ್ನು ಅವಲಂಬಿಸುತ್ತದೆ. ಆದರೆ ಎರಡು ಹಳ್ಳಿಗಳ ನಡುವಣ ಅಂತರ ಅದನ್ನು ಅವಲಂಬಿಸುವುದಿಲ್ಲ. ತಾಪಕ್ಕೂ ಇದೇ ಮಾತು. ನೀರು 20 ಡಿಗ್ರಿಯಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ಏರಿತೆಂದರೆ ಏರಿಕೆ 10 ಡಿಗ್ರಿ. ಅದೇ ಏರಿಕೆ ಕೆಲ್ವಿನ್‌ನಲ್ಲಿ 293.15ರಿಂದ 303.15ಕ್ಕೆ, ಅಂದರೆ ಮತ್ತೆ 10. ಫ್ಯಾರನ್‌ಹೀಟ್‌ನಲ್ಲಿ 68ರಿಂದ 86ಕ್ಕೆ, ಅಂದರೆ 18. ಕೂಡಿಸಿದ 273.15 ಮತ್ತು 32 ವ್ಯತ್ಯಾಸ ತೆಗೆಯುವಾಗ ಬಿದ್ದುಹೋಗುತ್ತವೆ. ಡಿಗ್ರಿಯ ಗಾತ್ರ ಮಾತ್ರ ಉಳಿಯುತ್ತದೆ.

ವಿಶಿಷ್ಟೋಷ್ಣದಲ್ಲಿ ಬರುವುದು ತಾಪದ ಏರಿಕೆಯೇ ಹೊರತು ತಾಪವಲ್ಲ. ಆದುದರಿಂದ ಸೆಲ್ಸಿಯಸ್ ಮತ್ತು ಕೆಲ್ವಿನ್ ನಡುವೆ ಪರಿವರ್ತನಾಂಕ 1. ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ನಡುವೆ 1.8. ಕೂಡಿಸುವ ಮಾತೇ ಇಲ್ಲ.

ಎರಡು ‘1’ಗಳ ಗುಟ್ಟು

ಈಗ ಬ್ರಿಟಿಷ್ ಮಾನಗಳಿಗೆ ಬರಬಹುದು. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಬೇಕಾದ ಉಷ್ಣವನ್ನು ಬ್ರಿಟಿಷ್ ಥರ್ಮಲ್ ಯೂನಿಟ್ ಅಥವಾ ಬಿಟಿಯು ಎಂದು ಕರೆಯುತ್ತಾರೆ. ಹವಾನಿಯಂತ್ರಣ ಯಂತ್ರಗಳ ಮಾರಾಟದಲ್ಲಿ ಈ ಹೆಸರು ಇಂದಿಗೂ ಕೇಳಿಬರುತ್ತದೆ. 1 ಬಿಟಿಯು ಎಂದರೆ ಸುಮಾರು 1055.06 ಜೌಲ್. 1 ಪೌಂಡ್ ಎಂದರೆ 0.45359 ಕಿಲೋಗ್ರಾಂ. ಫ್ಯಾರನ್‌ಹೀಟ್ ಡಿಗ್ರಿಯು ಕೆಲ್ವಿನ್‌ನ ಒಂಬತ್ತನೆಯ ಐದು ಭಾಗ.

‘ಪೌಂಡ್‌ಗೆ, ಡಿಗ್ರಿ ಫ್ಯಾರನ್‌ಹೀಟ್‌ಗೆ 1 ಬಿಟಿಯು’ ಎಂಬುದನ್ನು ಪರಿವರ್ತಿಸೋಣ. ಮೊದಲು ಶಕ್ತಿ: 1055.06 ಜೌಲ್. ಅದು ಒಂದು ಪೌಂಡ್‌ಗೆ. ಕಿಲೋಗ್ರಾಂ ಪೌಂಡ್‌ಗಿಂತ ದೊಡ್ಡದಾದುದರಿಂದ ಅಂಕಿ ಹೆಚ್ಚಬೇಕು: 1055.06 ÷ 0.45359 = 2326. ಅದು ಒಂದು ಡಿಗ್ರಿ ಫ್ಯಾರನ್‌ಹೀಟ್‌ಗೆ; ಕೆಲ್ವಿನ್ ಅದಕ್ಕಿಂತ ದೊಡ್ಡದಾದುದರಿಂದ ಅಂಕಿ ಮತ್ತೆ ಹೆಚ್ಚಬೇಕು: 2326 × 1.8 = 4186.8. ಅವಸರದಲ್ಲಿ 1.8ರಿಂದ ಭಾಗಿಸಿದವರಿಗೆ 1292 ಎಂಬ ಅಂಕಿ ಸಿಗುತ್ತದೆ. ದೊಡ್ಡ ಡಿಗ್ರಿಯಷ್ಟು ಏರಿಸಲು ಹೆಚ್ಚು ಉಷ್ಣ ಬೇಕೇ ಹೊರತು ಕಡಿಮೆಯಲ್ಲ ಎಂದು ಒಮ್ಮೆ ಯೋಚಿಸಿದರೆ ಆ ತಪ್ಪು ಅಲ್ಲಿಯೇ ಬಯಲಾಗುತ್ತದೆ.

ಬಂದ ಉತ್ತರ ಆಕಸ್ಮಿಕವಲ್ಲ. ‘ಗ್ರಾಂಗೆ, ಡಿಗ್ರಿ ಸೆಲ್ಸಿಯಸ್‌ಗೆ 1 ಕ್ಯಾಲೊರಿ’ ಎಂಬುದೂ ಇದೇ 4186.8. ಕ್ಯಾಲೊರಿಯೂ ಬಿಟಿಯುವೂ ಹುಟ್ಟಿದುದು ನೀರಿನಿಂದಲೇ. ಒಂದರಲ್ಲಿ ಗ್ರಾಂ ಮತ್ತು ಸೆಲ್ಸಿಯಸ್, ಇನ್ನೊಂದರಲ್ಲಿ ಪೌಂಡ್ ಮತ್ತು ಫ್ಯಾರನ್‌ಹೀಟ್. ಶಕ್ತಿಯ ಮಾನದೊಳಗೆ ಅಡಗಿರುವ ಪೌಂಡ್ ಹಾಗೂ ಡಿಗ್ರಿಗಳನ್ನು ಗೆರೆಯ ಕೆಳಗಿನ ಪೌಂಡ್ ಹಾಗೂ ಡಿಗ್ರಿಗಳು ಸರಿದೂಗಿಸುತ್ತವೆ. ಆದುದರಿಂದ ತಾಮ್ರದ 0.092 ಎರಡು ಪದ್ಧತಿಗಳಲ್ಲಿಯೂ 0.092ವೇ. ಹಳೆಯ ಪುಸ್ತಕಗಳು ವಿಶಿಷ್ಟೋಷ್ಣವನ್ನು ಮಾನವಿಲ್ಲದ ಅಂಕಿಯಾಗಿ ಬರೆಯುತ್ತಿದ್ದುದರ ಕಾರಣವೂ ಇದೇ: ಅವುಗಳ ದೃಷ್ಟಿಯಲ್ಲಿ ಅದು ನೀರಿನೊಡನೆ ಮಾಡಿದ ಹೋಲಿಕೆ, ಬರಿಯ ಅನುಪಾತ.

ಈ ಅನುಕೂಲವನ್ನು ಎಲ್ಲ ಕಡೆಗೂ ಹಿಗ್ಗಿಸುವಂತಿಲ್ಲ. ಮಂಜುಗಡ್ಡೆ ಕರಗಲು ಬೇಕಾದ ಗುಪ್ತೋಷ್ಣ ಗ್ರಾಂಗೆ ಸುಮಾರು 80 ಕ್ಯಾಲೊರಿ. ಪೌಂಡ್‌ಗೆ ಸುಮಾರು 144 ಬಿಟಿಯು. ಗುಪ್ತೋಷ್ಣದ ಮಾನದಲ್ಲಿ ಗೆರೆಯ ಕೆಳಗೆ ಡಿಗ್ರಿ ಇಲ್ಲ. ಬಿಟಿಯುವಿನೊಳಗಿನ ಫ್ಯಾರನ್‌ಹೀಟ್ ಡಿಗ್ರಿಯನ್ನು ಸರಿದೂಗಿಸಲು ಯಾರೂ ಇಲ್ಲದುದರಿಂದ 1.8 ಉಳಿದುಬಿಡುತ್ತದೆ.

ಜೌಲನ 772

ಹಳೆಯ ಅಂಕಿಯೊಂದನ್ನು ಇಂದಿನ ಮಾನಕ್ಕೆ ತಂದು ನೋಡುವುದರಿಂದ ಏನು ಲಾಭ ಎಂಬುದಕ್ಕೆ ಜೇಮ್ಸ್ ಪ್ರೆಸ್ಕಾಟ್ ಜೌಲನ ಪ್ರಯೋಗವೇ ಸಾಕ್ಷಿ. ಮ್ಯಾಂಚೆಸ್ಟರಿನ ಈ ವಿಜ್ಞಾನಿ 1840ರ ದಶಕದಲ್ಲಿ ಕೆಲಸಕ್ಕೂ ಉಷ್ಣಕ್ಕೂ ಇರುವ ಸಂಬಂಧವನ್ನು ಮತ್ತೆ ಮತ್ತೆ ಅಳೆದನು. ಬೀಳುವ ತೂಕಗಳು ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸುವಂತೆ ಮಾಡಿ, ಆ ಕಲಕುವಿಕೆಯಿಂದ ನೀರಿನ ತಾಪ ಎಷ್ಟು ಏರಿತೆಂದು ನೋಡಿದನು. 1850ರಲ್ಲಿ ಪ್ರಕಟವಾದ ಅವನ ಪ್ರಬಂಧದ ತೀರ್ಮಾನ ಹೀಗಿದೆ: ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು 772 ಅಡಿ-ಪೌಂಡ್ ಕೆಲಸ ಬೇಕು. ಅಂದರೆ 772 ಪೌಂಡ್ ತೂಕ ಒಂದು ಅಡಿ ಇಳಿಯುವಾಗ ಆಗುವಷ್ಟು ಕೆಲಸ.

ಇದನ್ನು ಬೇರೊಂದು ರೀತಿಯಲ್ಲಿಯೂ ಓದಬಹುದು. ಒಂದು ಪೌಂಡ್ ನೀರು 772 ಅಡಿ ಎತ್ತರದಿಂದ ಬಿದ್ದರೆ, ಶಕ್ತಿಯೆಲ್ಲ ಅದರಲ್ಲಿಯೇ ಉಳಿದರೆ, ಅದು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗುತ್ತದೆ. ಹೀಗೆ ಓದಿದಾಗ ಪೌಂಡ್ ಎಂಬ ಮಾನವೇ ಲೆಕ್ಕದಿಂದ ಹೊರಟುಹೋಗುತ್ತದೆ. ಎಷ್ಟು ಪೌಂಡ್ ನೀರು ಬಿದ್ದರೂ ಏರಿಕೆ ಅಷ್ಟೇ. 772 ಅಡಿಯನ್ನು 0.3048ರಿಂದ ಗುಣಿಸಿದರೆ 235.3 ಮೀಟರ್. ಅದನ್ನು ಗುರುತ್ವವೇಗೋತ್ಕರ್ಷವಾದ 9.80665ರಿಂದ ಗುಣಿಸಿದರೆ ಕಿಲೋಗ್ರಾಂಗೆ ಸುಮಾರು 2308 ಜೌಲ್. ಇದು ಒಂದು ಡಿಗ್ರಿ ಫ್ಯಾರನ್‌ಹೀಟ್‌ಗೆ, 1.8ರಿಂದ ಗುಣಿಸಿದರೆ ಕೆಲ್ವಿನ್‌ಗೆ ಸುಮಾರು 4154 ಜೌಲ್. ಇಂದು ಒಪ್ಪಿತವಾಗಿರುವ 4186ಕ್ಕೂ ಇದಕ್ಕೂ ಇರುವ ಅಂತರ ನೂರಕ್ಕೆ ಒಂದಕ್ಕಿಂತ ಕಡಿಮೆ. ಪರಿವರ್ತನೆ ಮಾಡದೆ 772 ಮತ್ತು 4186ನ್ನು ಅಕ್ಕಪಕ್ಕದಲ್ಲಿ ಇಟ್ಟವರಿಗೆ ಜೌಲನ ಪ್ರಯೋಗದ ಈ ಸೂಕ್ಷ್ಮತೆ ಕಾಣಿಸುವುದೇ ಇಲ್ಲ. ಅವನು ಕೊನೆಗೆ ಪಡೆದ 772.55 ಎಂಬ ಅಂಕಿಯನ್ನು ಇಂಗ್ಲೆಂಡಿನ ಸೇಲ್ ಎಂಬಲ್ಲಿರುವ ಅವನ ಸಮಾಧಿಶಿಲೆಯ ಮೇಲೆ ಕೆತ್ತಲಾಗಿದೆ.

ಜಲಪಾತದ ಬುಡದ ನೀರು ನೆತ್ತಿಯ ನೀರಿಗಿಂತ ತುಸು ಬೆಚ್ಚಗಿರಬೇಕು ಎಂದು ಜೌಲನೂ ಊಹಿಸಿದ್ದನು. ನಯಾಗರದಲ್ಲಿ ಈ ಏರಿಕೆ ಒಂದು ಡಿಗ್ರಿ ಫ್ಯಾರನ್‌ಹೀಟ್‌ನ ಐದನೆಯ ಒಂದು ಭಾಗದಷ್ಟಿರಬೇಕೆಂದು 1845ರಲ್ಲಿ ಬರೆದನು. ಅದೇ ಲೆಕ್ಕವನ್ನು 253 ಮೀಟರ್ ಎತ್ತರದ ಜೋಗಕ್ಕೆ ಹಾಕಬಹುದು: 253 × 9.8 ÷ 4186 = 0.59. ಅಂದರೆ ಸುಮಾರು 0.6 ಡಿಗ್ರಿ ಸೆಲ್ಸಿಯಸ್, ಅಥವಾ ಒಂದು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತುಸು ಹೆಚ್ಚು. ವಾಸ್ತವದಲ್ಲಿ ತುಂತುರು ಆವಿಯಾಗುವಾಗ ನೀರು ತಂಪಾಗುವುದರಿಂದ ಈ ಏರಿಕೆ ಅಷ್ಟಾಗಿ ಕೈಗೆ ಸಿಗುವುದಿಲ್ಲ. ಆದರೂ ಇಷ್ಟು ಎತ್ತರದಿಂದ ಧುಮುಕಿದ ನೀರು ಒಂದು ಡಿಗ್ರಿ ಸೆಲ್ಸಿಯಸ್ ಕೂಡ ಏರದು ಎಂಬುದೇ ನೀರಿನ ವಿಶಿಷ್ಟೋಷ್ಣ ಎಷ್ಟು ದೊಡ್ಡದೆಂಬುದನ್ನು ಹೇಳುತ್ತದೆ.

ಒಂದೇ ಹೆಸರು, ಹಲವು ಮಾನ

ಅಂಕಿ ಬದಲಾಗಿ ವಸ್ತು ಒಂದೇ ಆಗಿರುವುದು ಒಂದು ತೊಡಕು. ಹೆಸರು ಒಂದೇ ಆಗಿ ಮಾನ ಬೇರೆಯಾಗಿರುವುದು ಇನ್ನೊಂದು ತೊಡಕು. ಗಡಿನಾಡಿನ ಕನ್ನಡಿಗರ ಹಿರಿಯರಿಗೆ ಇದು ಸಂತೆಯಲ್ಲಿಯೇ ಪರಿಚಿತವಾಗಿತ್ತು. ಆದೋನಿ, ರಾಯದುರ್ಗ, ಕಾಸರಗೋಡುಗಳು ಸೇರಿದ್ದ ಮದರಾಸು ಪ್ರಾಂತದಲ್ಲಿ ‘ಮಣ’ ಎಂದರೆ 25 ಪೌಂಡ್, ಸುಮಾರು 11.3 ಕಿಲೋಗ್ರಾಂ. ಸೊಲ್ಲಾಪುರ ಸೇರಿದ್ದ ಮುಂಬಯಿ ಪ್ರಾಂತದ ಮಣ 28 ಪೌಂಡ್, ಸುಮಾರು 12.7 ಕಿಲೋಗ್ರಾಂ. ಬಂಗಾಳದ ಮಣವಾದರೋ 37.3 ಕಿಲೋಗ್ರಾಂ. ಯಾವ ಸೀಮೆಯ ಮಣ ಎಂದು ಹೇಳದೆ ‘ಹತ್ತು ಮಣ’ ಎಂದರೆ ಅರ್ಥ ಪೂರ್ಣವಾಗುತ್ತಿರಲಿಲ್ಲ. 1956ರ ತೂಕ ಮತ್ತು ಅಳತೆಗಳ ಶಾಸನದ ಬಳಿಕ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ತೂಕಗಳು ಬಂದು ಈ ಗೊಂದಲ ಕೊನೆಗೊಂಡಿತು.

ಕ್ಯಾಲೊರಿಯ ಸ್ಥಿತಿಯೂ ಇಂಥದೇ. ನೀರಿನ ವಿಶಿಷ್ಟೋಷ್ಣ ಎಲ್ಲ ತಾಪಗಳಲ್ಲಿಯೂ ಕರಾರುವಾಕ್ಕಾಗಿ ಒಂದೇ ಆಗಿರುವುದಿಲ್ಲ. ಆದುದರಿಂದ ಯಾವ ತಾಪದ ನೀರಿನಿಂದ ಕ್ಯಾಲೊರಿಯನ್ನು ನಿರೂಪಿಸಬೇಕೆಂಬ ಪ್ರಶ್ನೆ ಎದ್ದಿತು. 14.5ರಿಂದ 15.5 ಡಿಗ್ರಿಗೆ ಏರಿಸುವ ಕ್ಯಾಲೊರಿ ಸುಮಾರು 4.1855 ಜೌಲ್. ರಸಾಯನವಿಜ್ಞಾನಿಗಳು ಬಳಸುವ ಕ್ಯಾಲೊರಿ 4.184 ಜೌಲ್. ಹಬೆಯ ಗುಣಗಳನ್ನು ಕುರಿತು 1956ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಗೊತ್ತುಪಡಿಸಿದ ಕ್ಯಾಲೊರಿ 4.1868 ಜೌಲ್. ಇವುಗಳ ನಡುವಣ ಅಂತರ ಹತ್ತುಸಾವಿರಕ್ಕೆ ಏಳನ್ನು ಮೀರದು. ತರಗತಿಯ ಲೆಕ್ಕಕ್ಕೆ ಯಾವುದಾದರೂ ಸಾಕು. ಆದರೆ ಆಹಾರದ ಪೊಟ್ಟಣಗಳ ವಿಷಯದಲ್ಲಿ ಎಚ್ಚರ ಬೇಕು: ಆಹಾರದ ಮಾತಿನಲ್ಲಿ ‘ಕ್ಯಾಲೊರಿ’ ಎಂದರೆ ಎಷ್ಟೋ ಸಲ ಕಿಲೋಕ್ಯಾಲೊರಿ. ಅಲ್ಲಿ ತಪ್ಪಿದರೆ ಅಂತರ ಸಾವಿರ ಪಟ್ಟು. ಈ ಗೊಂದಲಗಳಿಂದ ಪಾರಾಗಲೆಂದೇ 1948ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು ಉಷ್ಣಕ್ಕೂ ಜೌಲನ್ನೇ ಮಾನವಾಗಿ ಒಪ್ಪಿತು.

ಮಾನ ಬದಲಾದಾಗ ಕಾಣುವ ನಿಯಮ

ಮಾನಪರಿವರ್ತನೆ ಬರಿಯ ಗುಮಾಸ್ತಗಿರಿಯಲ್ಲ. ಕೆಲವೊಮ್ಮೆ ಮಾನ ಬದಲಾದಾಗ ಅಡಗಿದ್ದ ಸತ್ಯವೊಂದು ಕಣ್ಣಿಗೆ ಬೀಳುತ್ತದೆ. ಕಿಲೋಗ್ರಾಂ ಲೆಕ್ಕದಲ್ಲಿ ಅಲ್ಯೂಮಿನಿಯಂ 900, ಕಬ್ಬಿಣ 448, ತಾಮ್ರ 385, ಸೀಸ 128. ಈ ನಾಲ್ಕು ಅಂಕಿಗಳ ನಡುವೆ ಯಾವ ಸಂಬಂಧವೂ ಇರುವಂತೆ ತೋರುವುದಿಲ್ಲ. ಈಗ ಕಿಲೋಗ್ರಾಂ ಬದಲು ಮೋಲ್ ಎಂಬ ಮಾನವನ್ನು ತೆಗೆದುಕೊಳ್ಳಬಹುದು. ಒಂದು ಮೋಲ್ ಎಂದರೆ ಪದಾರ್ಥ ಯಾವುದೇ ಇರಲಿ, ಅದರ ಅಷ್ಟೇ ಸಂಖ್ಯೆಯ ಕಣಗಳು. ಒಂದು ಮೋಲ್ ಅಲ್ಯೂಮಿನಿಯಂ 0.02698 ಕಿಲೋಗ್ರಾಂ, ಕಬ್ಬಿಣ 0.05585, ತಾಮ್ರ 0.06355, ಸೀಸ 0.2072. ಗುಣಿಸಿ ನೋಡಿದರೆ ಮೋಲ್‌ಗೆ, ಕೆಲ್ವಿನ್‌ಗೆ ಅಲ್ಯೂಮಿನಿಯಂ 24.3 ಜೌಲ್, ಕಬ್ಬಿಣ 25.0, ತಾಮ್ರ 24.5, ಸೀಸ 26.5.

ಚದುರಿದ್ದ ಅಂಕಿಗಳು 25ರ ಸುತ್ತ ಒಟ್ಟುಗೂಡಿದುವು. ತೂಕದ ಲೆಕ್ಕ ಬಿಟ್ಟು ಕಣಗಳ ಲೆಕ್ಕ ಹಿಡಿದಾಗ, ಒಂದೊಂದು ಪರಮಾಣುವನ್ನು ಬಿಸಿಮಾಡಲು ಬೇಕಾದ ಶಕ್ತಿ ಈ ಲೋಹಗಳಲ್ಲಿ ಹೆಚ್ಚುಕಡಿಮೆ ಸಮಾನವೆಂಬುದು ತಿಳಿಯುತ್ತದೆ. ಫ್ರಾನ್ಸಿನ ದ್ಯೂಲಾಂಗ್ ಮತ್ತು ಪೆತೀ ಎಂಬ ವಿಜ್ಞಾನಿಗಳು 1819ರಲ್ಲಿ ಕಂಡುಕೊಂಡ ನಿಯಮ ಇದೇ. ನೀರಿಗೆ ಸಂಬಂಧಿಸಿ ರಸಾಯನವಿಜ್ಞಾನದ ಕೋಷ್ಟಕ ಕೊಡುವ 75 ಎಂಬ ಅಂಕಿ ಬರುವುದೂ ಈ ದಾರಿಯಿಂದಲೇ: ಒಂದು ಮೋಲ್ ನೀರು ಸುಮಾರು 18 ಗ್ರಾಂ, ಗ್ರಾಂಗೆ 4.186 ಜೌಲ್‌ನಂತೆ 18 ಗ್ರಾಂಗೆ ಸುಮಾರು 75.

ಬರೆಯುವವರು ಪಾಲಿಸಬೇಕಾದುವು

ಮೇಲಿನ ವಿವೇಚನೆಯಿಂದ ಕನ್ನಡದಲ್ಲಿ ವಿಜ್ಞಾನವನ್ನು ಓದುವವರಿಗೂ ಬರೆಯುವವರಿಗೂ ಕೆಲವು ನಿಯಮಗಳು ದೊರೆಯುತ್ತವೆ.

ಅಂಕಿಯನ್ನು ಮಾನದಿಂದ ಎಂದೂ ಅಗಲಿಸಬಾರದು. ‘ತಾಮ್ರದ ವಿಶಿಷ್ಟೋಷ್ಣ 385’ ಎಂಬುದು ಅಪೂರ್ಣವಾಕ್ಯ. ಯಾವ ಶಕ್ತಿ, ಯಾವ ರಾಶಿ, ಯಾವ ಡಿಗ್ರಿ ಎಂಬ ಮೂರೂ ಇದ್ದಾಗಲೇ ಅದು ವಾಕ್ಯ. ಒಂದು ಅಂಗ ಬದಲಾದರೂ ಅಂಕಿಯನ್ನು ಮತ್ತೆ ಪರಿಶೀಲಿಸಬೇಕು. ಮೂಲದಲ್ಲಿರುವ ಮಾನವನ್ನು ಬದಲಿಸುವುದಾದರೆ ಅಂಕಿಯನ್ನೂ ಬದಲಿಸಬೇಕು. ಅಂಕಿಯನ್ನು ಉಳಿಸುವುದಾದರೆ ಮಾನವನ್ನೂ ಉಳಿಸಬೇಕು. ಐತಿಹಾಸಿಕ ಬರಹಗಳಲ್ಲಿ ಮೂಲದ ಅಂಕಿ ಮತ್ತು ಮಾನವನ್ನು ಕೊಟ್ಟು, ಪಕ್ಕದಲ್ಲಿ ಇಂದಿನ ಮಾನದ ಬೆಲೆಯನ್ನು ಸೂಚಿಸುವುದು ಉತ್ತಮ ಕ್ರಮ.

ಪರಿವರ್ತನೆ ಮುಗಿದ ಬಳಿಕ ನೀರಿನೊಡನೆ ಒರೆಗೆ ಹಚ್ಚಿ ನೋಡಬೇಕು. ತೂಕದ ಮಾನ ಯಾವುದೇ ಆಗಿರಲಿ, ತಾಮ್ರಕ್ಕೂ ನೀರಿಗೂ ಇರುವ ಅನುಪಾತ ಬದಲಾಗದು: 0.092ಕ್ಕೂ 1ಕ್ಕೂ ಇರುವ ಸಂಬಂಧವೇ 385ಕ್ಕೂ 4186ಕ್ಕೂ ಇದೆ. ಅನುಪಾತ ಕೆಟ್ಟಿದ್ದರೆ ಲೆಕ್ಕ ಕೆಟ್ಟಿದೆ ಎಂದೇ ಅರ್ಥ. ಕೊನೆಯದಾಗಿ, ಮೂಲದ ಅಂಕಿಯಲ್ಲಿ ಇಲ್ಲದ ನಿಖರತೆಯನ್ನು ಪರಿವರ್ತನೆಯಲ್ಲಿ ಸೃಷ್ಟಿಸಬಾರದು. 0.092ನ್ನು 4186.8ರಿಂದ ಗುಣಿಸಿದಾಗ ಯಂತ್ರ 385.1856 ಎಂದು ತೋರಿಸಬಹುದು. ಆದರೆ ಮೂಲದಲ್ಲಿ ಅರ್ಥವುಳ್ಳ ಅಂಕಿಗಳು ಎರಡೇ. ‘ಸುಮಾರು 385’ ಎನ್ನುವುದು ಪ್ರಾಮಾಣಿಕವಾದ ಮಾತು. ದಶಮಾಂಶದ ನಾಲ್ಕು ಸ್ಥಾನಗಳು ಬರಿಯ ಆಡಂಬರ.

ಒಂದು ಮಾತಿನ ಅರ್ಥವನ್ನು ಇನ್ನೊಂದು ಭಾಷೆಗೆ ಒಯ್ಯುವವರು ಪದಗಳನ್ನು ಬದಲಿಸಿ ಅರ್ಥವನ್ನು ಕಾಯುತ್ತಾರೆ. ಒಂದು ಅಳತೆಯನ್ನು ಇನ್ನೊಂದು ಮಾನಕ್ಕೆ ಒಯ್ಯುವವರು ಅಂಕಿಯನ್ನು ಬದಲಿಸಿ ಅಳತೆಯನ್ನು ಕಾಯಬೇಕು. 1, 4186, 75 ಎಂಬ ಅಂಕಿಗಳು ಒಂದೇ ನೀರನ್ನು ಕುರಿತು ಮೂರು ಮಾನಗಳು ಆಡಿದ ಮಾತುಗಳು. ಆಡಿದ ಮಾನ ಯಾವುದೆಂದು ತಿಳಿದವರಿಗೆ ಅವುಗಳಲ್ಲಿ ವಿರೋಧವಿಲ್ಲ.